ಮೆಹಬೂಬಸಾಬರ ಪಾಸ್‌ವರ್ಡ್

ಸಿಂದಗಿಯ ತೊಗರಿ ಗೋದಾಮಿನ ಕಂಪ್ಯೂಟರನ್ನು ಆಪರೇಟಿಂಗ್ ಸಿಸ್ಟಮ್ ಸಮೇತ ನಕಲು ಮಾಡಿ ಕ್ಲೌಡಿಗೆ ಏರಿಸಲು ಗೋದಾಮು ನಡೆಸುತ್ತಿದ್ದ ಕಂಪನಿ ನನ್ನನ್ನು ಕಳಿಸಿತ್ತು. ಆಗ ಕ್ಲೌಡ್ ಅನ್ನುವುದು ನನಗೂ ಹೊಸದು. ಆ ಕಂಪ್ಯೂಟರ್ ನಡೆಸುತ್ತಿದ್ದ ಮೆಹಬೂಬಸಾಬರು ನನಗೆ ಕುರ್ಚಿ ಬಿಟ್ಟುಕೊಟ್ಟು ತೊಗರಿ ಚೀಲದ ಮೇಲೆ ಕುಳಿತರು. ಇಂಟರ್‌ನೆಟ್ ತೆವಳುತ್ತಿತ್ತು. ನಕಲು ಪೂರ್ತಿ ಏರಿ, ದೂರದ ಸರ್ವರ್‌ನಲ್ಲಿ ಚಾಲೂ ಆಗುವಷ್ಟರಲ್ಲಿ ಸಂಜೆಯಾಗಿತ್ತು. ಚಾಲೂ ಆದದ್ದೇ ಪಾಸ್‌ವರ್ಡ್ ಕೇಳಿತು.

“ಚಾಚಾ, ಪಾಸ್‌ವರ್ಡ್ ನೀವೇ ಹಾಕಬೇಕ್ರಿ,” ಅಂದೆ.

ಅವರು ಏಳಲಿಲ್ಲ. “ಇದು ಅಲ್ಲಿ ಚಾಲೂ ಆತಂದ್ರ ಇಲ್ಲಿ ನನ್ನ ಕೆಲಸ ಏನ್ರಿ?”

ಗೋದಾಮಿನ ಆಫೀಸು ಮುಚ್ಚುವುದು ನನಗೆ ಗೊತ್ತಿತ್ತು. ಅವರಿಗೆ ಯಾರೂ ಹೇಳಿಲ್ಲವೆಂಬುದು ಗೊತ್ತಿರಲಿಲ್ಲ. “ಕಂಪನಿಯವರು ಹೇಳಿಲ್ಲೇನ್ರಿ?” ಎಂದುಬಿಟ್ಟೆ.

“ಈಗ ನೀವು ಹೇಳಿದ್ರಲ್ರಿ,” ಅಂದರು.

ಚೀಲದ ಮೇಲಿಂದ ಎದ್ದು ಬಂದರು. “ಸ್ವಲ್ಪ ಸರೀರಿ. ನಿಮ್ಮ ಕೆಲಸರೆ ಮುಗೀಲಿ.”

ನಾನು ಮುಖ ಆಚೆ ತಿರುಗಿಸಿದೆ. ಅವರು ಒಂದೊಂದೇ ಅಕ್ಷರ ಒತ್ತಿದರು. ಪರದೆಯ ಮೇಲೆ ಅವರ ಕಂಪ್ಯೂಟರು ಇದ್ದಹಾಗೇ ಮೂಡಿತು, ಅವರು ಹಾಕಿಕೊಂಡಿದ್ದ ಮೊಮ್ಮಗಳ ಚಿತ್ರದ ಸಮೇತ. “ಎಲ್ಲಾ ಬಂದೈತಿ ನೋಡ್ರಿ,” ಎಂದು ಚಪ್ಪಲಿ ಮೆಟ್ಟಿ ಹೊರಟರು.

ಕಂಪನಿಗೆ ನಾನು ವರದಿ ಕಳಿಸಿದೆ: ಕೆಲಸ ಪೂರ್ಣ, ಏನೂ ಬಿಟ್ಟುಹೋಗಿಲ್ಲ. ಕಂಪನಿಯವರು ನನ್ನನ್ನು ಬಹಳ ಮೆಚ್ಚಿಕೊಂಡರು.