ಎರಡು ಬೆರಳಿನ ಸಂದು

ಕಾರಿನ ಮುಂದಿನ ಎಡಗಾಲಿ ಕಳಚಿ ಬರುವಾಗ ಅದರ ಜೊತೆಗೆ ಒಂದು ಸತ್ತ ಇಲಿಯೂ ಬಂತು. ಸ್ಪ್ರಿಂಗಿನ ಮೇಲಿನ ಮೂಲೆಯಲ್ಲಿ ಸೀಟಿನ ಸ್ಪಂಜು, ಪ್ಲಾಸ್ಟಿಕ್ ಚೂರು ಸೇರಿಸಿ ಗೂಡು ಕಟ್ಟಿಕೊಂಡಿದ್ದ ಇಲಿ. ಸತ್ತು ಎಷ್ಟು ದಿನವಾಗಿತ್ತೋ, ಅರ್ಧ ಒಣಗಿ ಅರ್ಧ ಕೊಳೆತು ಧರ್ಮರಾಜನ ತೊಡೆಯ ಮೇಲೆ ಬಿತ್ತು. ಅವನು ಅದನ್ನು ಸ್ಕ್ರೂಡ್ರೈವರ್ ತುದಿಯಿಂದ ನೂಕಿ, ಪ್ಯಾಂಟನ್ನು ಡೀಸೆಲ್ ಬಟ್ಟೆಯಿಂದ ಒರೆಸಿಕೊಂಡ. ಕಾರಿನ ಮಾಲೀಕ ಕಾರ್ತಿಕ ಮೂಗು ಮುಚ್ಚಿಕೊಂಡು ಹಿಂದೆ ಸರಿದ.

"ಅಯ್ಯೋ, ಇದು ನನ್ನ ಕಾರಲ್ಲೇ ಇತ್ತಾ?"

"ನನ್ನ ಕಿಸೆದಾಗಿಂದ ಬಿದ್ದಿಲ್ರಿ ಸರ," ಅಂದ ಧರ್ಮರಾಜ.

ಪುಣೆಯ ವಾಕಡದ ಹಿಂದಿನ ರಸ್ತೆಯಲ್ಲಿ, ಎರಡು ಹೊಸ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿರುವ ಆ ತಗಡಿನ ಶೆಡ್ಡನ್ನು ಅದರ ಯಜಮಾನ ಋಷಿಕೇಶ ಗ್ಯಾರೇಜ್ ಎನ್ನುವುದಿಲ್ಲ, ಸ್ಟುಡಿಯೋ ಎನ್ನುತ್ತಾನೆ. ಗೋಡೆಗೆ ಕಪ್ಪು ಬಣ್ಣ, ಮಾಡಿಗೆ ನೇರಳೆ ದೀಪ, ರೀಲ್ ತೆಗೆಯಲು ಒಂದು ಮೂಲೆ. ದೀಪದ ಕೆಳಗೆ ಹಿಂದಿನ ಅಪಾರ್ಟ್‌ಮೆಂಟಿನ ಗಟಾರದ ನೀರು ಹರಿಯುತ್ತದೆ. ರೀಲ್‌ನಲ್ಲಿ ಅದು ಕಾಣುವುದಿಲ್ಲ. ಜನ ತಮ್ಮ ಸಣ್ಣ ಕಾರುಗಳನ್ನು ಇಲ್ಲಿಗೆ ತಂದು, ಸೈಲೆನ್ಸರ್ ಗುಡುಗುವಂತೆ ಮಾಡಿಸಿಕೊಳ್ಳುತ್ತಾರೆ, ದೀಪ ಬದಲಿಸಿಕೊಳ್ಳುತ್ತಾರೆ, ಎತ್ತರ ಇಳಿಸಿಕೊಳ್ಳುತ್ತಾರೆ. ಎತ್ತರ ಇಳಿಸುವ ಕೆಲಸ ಧರ್ಮರಾಜನದು.

ಅವನ ಅಪ್ಪ ಅವ್ವಣ್ಣ ಆಳಂದ ಕಡೆಯಿಂದ ಪುಣೆಗೆ ಬಂದು ಹಿಂಜವಾಡಿಯ ಕಂಪನಿ ಕಟ್ಟಡಗಳಿಗೆ ಕಾಂಕ್ರೀಟ್ ಹೊತ್ತವನು. ಧರ್ಮರಾಜ ಬೆಳೆದದ್ದು ಆ ಕಟ್ಟಡಗಳ ಬುಡದ ತಗಡಿನ ಖೋಲಿಗಳಲ್ಲಿ. ಒಂದು ಕಟ್ಟಡ ಮುಗಿದರೆ ಖೋಲಿಯೂ ಇನ್ನೊಂದರ ಬುಡಕ್ಕೆ ಹೋಗುತ್ತಿತ್ತು. ಬಾಯಲ್ಲಿ ಸದಾ ಸಿಮೆಂಟಿನ ರುಚಿ ಇರುವುದನ್ನು ಸಹಿಸಲಾಗದೆ ಅವನು ಚಿಂಚವಾಡದ ಒಂದು ಗ್ಯಾರೇಜ್ ಸೇರಿದ. ಕಂಪನಿ ಬಸ್ಸುಗಳ, ಕ್ಯಾಬುಗಳ ಶಾಕ್ ಅಬ್ಸಾರ್ಬರ್ ಬದಲಿಸುತ್ತ ಕೈ ಕುದುರಿತು. ಒಳಗೆ ಕೂತವರ ಸೊಂಟ ಉಳಿಸುವುದು ತನ್ನ ಕೆಲಸ ಎಂದು ಅಲ್ಲಿದ್ದಷ್ಟು ದಿನವೂ ನಂಬಿದ್ದ. ಆ ಗ್ಯಾರೇಜಿನ ಜಾಗದಲ್ಲಿ ಈಗ ಮಾಲ್ ಇದೆ. ಋಷಿಕೇಶನ ಬಳಿ ಬಂದ ಮೇಲೆ ಅವನು ಮಾಡುತ್ತಿರುವುದು ಅದಕ್ಕೆ ತದ್ವಿರುದ್ಧವಾದ ಕೆಲಸ.

ಅಂಗಡಿಯಲ್ಲಿ ಇದಕ್ಕೆ ಕಾಯಿಲೋವರ್ ಎನ್ನುತ್ತಾರೆ. ಶಾಕ್ ಅಬ್ಸಾರ್ಬರಿನ ಕಂಬ, ಅದರ ಸುತ್ತ ಸ್ಪ್ರಿಂಗ್, ಕಂಬದ ಮೈತುಂಬ ತಿರುಪಿನ ಗೆರೆ. ಗೆರೆಯ ಮೇಲೆ ಎರಡು ಅಲ್ಯುಮಿನಿಯಂ ರಿಂಗ್. ಮೇಲಿನದು ಸ್ಪ್ರಿಂಗನ್ನು ಹೊತ್ತಿರುತ್ತದೆ; ಅದನ್ನು ಕೆಳಗೆ ತಿರುಗಿಸಿದಷ್ಟೂ ಕಾರು ನೆಲಕ್ಕೆ ಹತ್ತಿರವಾಗುತ್ತದೆ. ಕೆಳಗಿನ ರಿಂಗನ್ನು ಅದಕ್ಕೆ ಒತ್ತಿ, ಕೊಕ್ಕೆ ಪಾನಾ ಎಂಬ ಸ್ಪ್ಯಾನರ್ ಹಾಕಿ ಬಿಗಿದರೆ ಮೇಲಿನದು ಕದಲುವುದಿಲ್ಲ. ಬಿಗಿಯದೆ ಬಿಟ್ಟರೆ ರಸ್ತೆಯ ಕುಲುಕಾಟಕ್ಕೆ ಎರಡೂ ಸಡಿಲಾಗಿ ಕೆಳಗಿಳಿಯುತ್ತವೆ, ಕಾರು ಒಂದು ಮಗ್ಗುಲಿಗೆ ವಾಲುತ್ತದೆ, ಟೈರು ಕಾರಿನ ಮೈಗೆ ಉಜ್ಜುತ್ತದೆ. ಘಾಟಿನ ತಿರುವಿನಲ್ಲಿ ಹಾಗಾದರೆ ಟೈರು ಸೀಳಬಹುದು.

ತಿಳಿದು ಕೂರಿಸಿದರೆ ಒಳ್ಳೆಯ ವಸ್ತು. ವಾಕಡದಲ್ಲಿ ಅದನ್ನು ತಿಳಿದು ಕೂರಿಸಿ ಎಂದವರು ಯಾರೂ ಇಲ್ಲ. ಎಲ್ಲರೂ ಕೇಳುವುದು ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಎಷ್ಟು ಬೆರಳಿನ ಸಂದು ಉಳಿಯುತ್ತದೆ ಎಂದು. ಹಾಗೆ ಇಳಿಸಿಕೊಂಡು ಹೋದ ಕಾರುಗಳು ಸೊಸೈಟಿಗಳ ಮುಂದಿನ ಸ್ಪೀಡ್ ಬ್ರೇಕರುಗಳನ್ನು ಏಡಿಯ ಹಾಗೆ ಓರೆಯಾಗಿ, ಹೊಟ್ಟೆ ಕೆರೆದುಕೊಂಡು ದಾಟುವುದನ್ನು ಧರ್ಮರಾಜ ದಿನವೂ ನೋಡುತ್ತಾನೆ. ಹಿಂದೆ ಶಾಲೆಯ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಸ್ಟೇರಿಂಗ್ ಹಿಡಿದವನು ತನ್ನನ್ನು ಯಾರೋ ಹೊಗಳಿದರೆಂಬಂತೆ ನಗುತ್ತಿರುತ್ತಾನೆ. ಆ ನಗು ಕಂಡರೆ ಧರ್ಮರಾಜನಿಗೆ ಉಗುಳಬೇಕೆನಿಸುತ್ತದೆ.

ಅವತ್ತು ಖಂಡೇ ನವಮಿ. ಮರುದಿನ ದಸರೆ. ಕಾರ್ತಿಕ ಮೈಸೂರು ಕಡೆಯವನು, ಹಿಂಜವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ. ದಸರೆ ರಜೆಗೆ ಹೆಂಡತಿ ಸಿಂಧೂರಳನ್ನೂ ಊರಿಂದ ಬಂದ ಮಾವ ಮಹದೇವಪ್ಪನವರನ್ನೂ ಮಹಾಬಳೇಶ್ವರಕ್ಕೆ ಕರೆದೊಯ್ಯಬೇಕೆಂದು ಕಾರು ತಂದಿದ್ದ. ಧರ್ಮರಾಜ ಕನ್ನಡದವನೆಂದು ತಿಳಿದ ಕೂಡಲೇ ಅವನ ನಂಬರು ಕೇಳಿ ಪಡೆದು, ಒಂದು ಮಿಸ್ಡ್ ಕಾಲ್ ಕೊಟ್ಟ. ನಾಲ್ಕೂ ಕಡೆ ಹೊಸ ಸಾಮಾನು ಕೂರಿಸಿ ಧರ್ಮರಾಜ ಕಾರನ್ನು ಲಿಫ್ಟಿನಿಂದ ಇಳಿಸಿದಾಗ, ಕಾರ್ತಿಕ ಬಗ್ಗಿ ಸಂದಿಯೊಳಗೆ ಕೈ ಇಟ್ಟು ನೋಡಿದ. ನಾಲ್ಕು ಬೆರಳು ಹಿಡಿಸಿತು.

"ಅಣ್ಣಾ, ಇದು ಟ್ಯಾಕ್ಸಿ ಥರ ಕಾಣ್ತಿದೆ. ಎರಡು ಬೆರಳು ಗ್ಯಾಪ್ ಇದ್ರೆ ಸಾಕು."

"ಮಾವನೋರು ದಪ್ಪ ಅದಾರೇನ್ರಿ?"

"ಯಾಕೆ?"

"ಅವರು ಕುಂತ್ರ ನಿಮ್ಮ ಎರಡು ಬೆರಳದಾಗ ಒಂದು ಹೋಗ್ತದ."

ಕಾರ್ತಿಕ ಇದನ್ನು ತಮಾಷೆ ಎಂದುಕೊಂಡು ನಕ್ಕ. ಫೋನ್ ಹಿಡಿದು ರೀಲ್ ತೆಗೆಯುತ್ತಿದ್ದ ಋಷಿಕೇಶ ಕನ್ನಡ ಬರದಿದ್ದರೂ ನಕ್ಕ. ಧರ್ಮರಾಜ ಕಾರನ್ನು ಮತ್ತೆ ಮೇಲೆತ್ತಿ, ಗಾಲಿ ಬಿಚ್ಚಿ, ಮೇಲಿನ ರಿಂಗುಗಳನ್ನು ಇನ್ನಷ್ಟು ಕೆಳಗಿಳಿಸಿದ. ಕೆಳಗಿನ ರಿಂಗುಗಳನ್ನು ಕೈಯಿಂದ ತಿರುಗಿಸಿ ಅವಕ್ಕೆ ತಾಗಿಸಿದ. ಇನ್ನು ಪಾನಾ ಹಾಕಿ ಬಿಗಿಯಬೇಕು, ಅಷ್ಟರಲ್ಲಿ ಋಷಿಕೇಶನ ತಾಯಿ ಮಂಜರಿ ತಟ್ಟೆ ಹಿಡಿದು ಬಂದರು.

ಖಂಡೇ ನವಮಿಯ ಮಧ್ಯಾಹ್ನ ಅಂಗಡಿಯ ಹತ್ಯಾರಗಳನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ದೇವಿಯ ಪಟದ ಮುಂದಿನ ಮಣೆಯ ಮೇಲಿಡುವುದು ಮಂಜರಿಯವರ ಪದ್ಧತಿ. ಇಟ್ಟ ಮೇಲೆ ಮರುದಿನ ಸಂಜೆ ಬನ್ನಿ ಹಂಚುವ ತನಕ ಯಾರೂ ಮುಟ್ಟುವಂತಿಲ್ಲ. ಅವರು ಧರ್ಮರಾಜನ ಕಾಲ ಬಳಿ ಇದ್ದ ಕೊಕ್ಕೆ ಪಾನಾವನ್ನೂ ಎತ್ತಿ ತಟ್ಟೆಯಲ್ಲಿಟ್ಟುಕೊಂಡರು.

"ಕಾಕೂ, ಅದೊಂದು ಇರಲಿ. ಸ್ವಲ್ಪ ಕೆಲಸ ಉಳಿದಿದೆ," ಎಂದ ಅವನು ಮರಾಠಿಯಲ್ಲಿ.

"ಮುಹೂರ್ತ ಮೀರುತ್ತೆ ಧರ್ಮಾ. ವರ್ಷವಿಡೀ ನಿನ್ನ ಕೈಯಲ್ಲೇ ಇರುತ್ತಲ್ಲ, ಒಂದು ದಿನ ದೇವಿ ಹತ್ತಿರ ಇರಲಿ."

ಇನ್ನೊಮ್ಮೆ ಕೇಳಿದ್ದರೆ ಕೊಡುತ್ತಿದ್ದರೇನೋ. ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಅವನ ಮನೆಯಲ್ಲೂ ಇದೇ ನಡೆದು ಬಂದದ್ದು. ಅಪ್ಪನ ಸಲಿಕೆ ಮಣೆ ಏರಿದ ಮೇಲೆ ಅದರ ಮೇಲೆ ನೆರಳು ಬೀಳಿಸಲೂ ಅಂಜುತ್ತಿದ್ದರು. ಅವನು ಕಾರನ್ನು ಲಿಫ್ಟಿನ ಮೇಲೆಯೇ, ಗಾಲಿ ಇಲ್ಲದೆ ಬಿಟ್ಟ.

"ಶೇಠ, ರಿಂಗ್ ಕೈಯಿಂದ ತಿರುಗಿಸಿದ್ದು ಅಷ್ಟೇ. ಕಾರು ಇಳಿಸಬೇಡಿ. ನಾಳೆ ಸಂಜೆ ಬಂದು ಬಿಗಿಯುತ್ತೇನೆ."

ಋಷಿಕೇಶ ಫೋನಿನಿಂದ ಕಣ್ಣು ತೆಗೆಯದೆ ತಲೆಯಾಡಿಸಿದ.

ಮರುದಿನ ಕಾಳೇವಾಡಿಯ ಮನೆಯಲ್ಲಿ ಹೆಂಡತಿ ಶಿವಕಾಂತಾ ಹೋಳಿಗೆ ಬಡಿಸುತ್ತಿದ್ದಳು. ಮಗಳು ಮಾಯಾ ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದಳು. "ಅಪ್ಪಾ, ನಿಮ್ಮ ಅಂಗಡಿದು," ಎಂದು ತೋರಿಸಿದಳು. ನೇರಳೆ ದೀಪ, ತೊಳೆದ ನೆಲ, ನೆಲಕ್ಕೆ ತಾಗಿದಂತಿದ್ದ ಕೆಂಪು ಕಾರು. ಗೇಟು ತೆರೆಯುತ್ತದೆ, ಕಾರು ನಿಧಾನಕ್ಕೆ ಬಿಸಿಲಿಗೆ ಬರುತ್ತದೆ, ಸ್ಟೇರಿಂಗ್ ಹಿಂದಿನಿಂದ ಕಾರ್ತಿಕ ಎರಡು ಬೆರಳು ಎತ್ತಿ ತೋರಿಸುತ್ತಾನೆ. ಕೆಳಗೆ ಮಹಾಬಳೇಶ್ವರ ಎಂದು ಬರೆದಿತ್ತು.

ಕಾರಿನ ಡಿಕ್ಕಿಯಲ್ಲಿದ್ದ ಗಾಲಿ ಬಿಚ್ಚುವ ಪಾನಾ ಪೂಜೆಗೆ ಹೋಗಿರಲಿಲ್ಲ. ಅದನ್ನೇ ತೆಗೆದು ಗಾಲಿ ಹಾಕಿ ಕಳಿಸಿದ್ದಾರೆಂದು ಧರ್ಮರಾಜನಿಗೆ ಹೊಳೆಯಿತು. ಎದ್ದು ಹೊರಗೆ ಹೋಗಿ ಋಷಿಕೇಶನಿಗೆ ಫೋನ್ ಮಾಡಿದ.

"ನಿನ್ನ ಕೈ ಬಿಗಿ ನನಗೆ ಗೊತ್ತಿಲ್ವಾ ಧರ್ಮಾ," ಎಂದ ಋಷಿಕೇಶ. "ಪಾನಾ ಯಾಕೆ ಬೇಕು ಅದಕ್ಕೆ?"

"ನಾಚಿಕೆ ಆಗಬೇಕು ಶೇಠ. ಫೋನ್ ಮಾಡಿ ಅವರನ್ನು ನಿಲ್ಲಿಸಿ."

"ಹಬ್ಬದ ದಿನ ಗಿರಾಕಿಗೆ ನಿನ್ನ ಕಾರು ಸರಿ ಇಲ್ಲ ಅಂತ ಹೇಳಲಾ? ಅವನು ಅದನ್ನೇ ಊರಿಗೆಲ್ಲ ಬರೀತಾನೆ. ಸೋಮವಾರ ಬರ್ತಾನಲ್ಲ, ಆಗ ಬಿಗಿ. ಮತ್ತೆ ನೀನು ಅವನಿಗೆ ಫೋನ್ ಗೀನ್ ಮಾಡೋಕೆ ಹೋಗಬೇಡ."

ಅಂಗಡಿಯ ಹೊರಗೆ ಫಿಟ್ಟರು ಗಿರಾಕಿಯ ಜೊತೆ ನೇರ ವ್ಯವಹರಿಸುವಂತಿಲ್ಲ. ತನ್ನ ನಂಬರು ಬರೆದುಕೊಟ್ಟ ಒಬ್ಬನನ್ನು ಋಷಿಕೇಶ ಅದೇ ದಿನ ಹೊರಗೆ ಹಾಕಿದ್ದ. ಧರ್ಮರಾಜ ನಿನ್ನೆಯ ಮಿಸ್ಡ್ ಕಾಲ್ ಹುಡುಕಿ ಒತ್ತಿದ.

"ಹೇಳಿ ಅಣ್ಣಾ, ಹ್ಯಾಪಿ ದಸರಾ," ಎಂದ ಕಾರ್ತಿಕ.

"ಸರ, ಕಾರಿನಾಗ ಏನರ ಸಪ್ಪಳ ಬರ್ಲಿಕತ್ತದೇನು?"

"ಹೂಂ, ಲೆಫ್ಟ್ ಕಡೆಯಿಂದ ಟಕ್ ಟಕ್ ಅಂತಿದೆ. ಕಾಯಿಲೋವರ್ ಅಂದ್ರೆ ಹಾಗೇ, ಸ್ಪೋರ್ಟಿ ಫೀಲ್ ಅಂದ್ರಲ್ಲ ನಿಮ್ಮ ಓನರು."

"ಎಲ್ಲಿ ಅದೀರಿ?"

"ಖೇಡ್ ಶಿವಾಪುರ. ಟೀಗೆ ನಿಲ್ಸಿದೀವಿ."

"ಅಲ್ಲೇ ಇರ್ರಿ. ರಿಂಗ್ ಬಿಗಿ ಮಾಡಿಲ್ಲ. ಕಾರ ಹೊರಡಿಸಬ್ಯಾಡ್ರಿ, ನಾ ಬರ್ತೀನಿ."

ಒಳಗಿಂದ ಶಿವಕಾಂತಾ ಬಂದಳು. "ಉಂಡರ ಹೋಗ್ರಿ. ಹಬ್ಬದ ದಿನ ಎಲಿ ಮುಂದಿಂದ ಎದ್ದು ಹೋಗ್ತಾರೇನು?"

"ಅವ್ರು ಘಾಟ್ ಏರಿದ್ರ ನನಗ ಮತ್ತೊಮ್ಮೆ ಉಣ್ಣಾಕ ಆಗೂದಿಲ್ಲ," ಎಂದು ಅವನು ಬೈಕ್ ತೆಗೆದ.

ಅಂಗಡಿ ತೆರೆದಿತ್ತು. ಮಂಜರಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಧರ್ಮರಾಜ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮಣೆಯ ಮೇಲಿನ ಕೊಕ್ಕೆ ಪಾನಾ ಎತ್ತಿ ಕಣ್ಣಿಗೊತ್ತಿಕೊಂಡ.

"ಧರ್ಮಾ, ಇನ್ನೂ ಬನ್ನಿ ಆಗಿಲ್ಲ," ಎಂದರು ಅವರು.

"ಗೊತ್ತು ಕಾಕೂ. ನಿಮ್ಮ ಮಗ ಮುಟ್ಟದೆ ಬಿಟ್ಟದ್ದನ್ನು ನಾನು ಮುಟ್ಟಬೇಕಾಗಿದೆ."

ಮಂಜರಿ ಎಣ್ಣೆಯ ಬಟ್ಟಲು ಹಿಡಿದೇ ಪಕ್ಕಕ್ಕೆ ಸರಿದರು. ತಡೆಯಲಿಲ್ಲ.

ಕಾತ್ರಜ್ ಸುರಂಗ ದಾಟಿ ಅವನು ತಲುಪಿದಾಗ ಕಾರು ಚಹಾ ಅಂಗಡಿಯ ಹಿಂದೆ, ಪೇಪರ್ ಕಪ್ಪು, ಬಾಳೆಸಿಪ್ಪೆ, ಮೂತ್ರದ ವಾಸನೆಯ ನಡುವೆ ನಿಂತಿತ್ತು. ಎಡ ಮುಂಗಾಲು ಮುರಿದ ಎಮ್ಮೆಯ ಹಾಗೆ ವಾಲಿತ್ತು. ಟೈರಿನ ಅಂಚು ಉಜ್ಜಿ ಉಜ್ಜಿ ಕಮಾನಿನ ಒಳಗೆಲ್ಲ ಕರಿ ಹುಡಿ ಹಿಡಿದಿತ್ತು. ರಬ್ಬರ್ ಸುಟ್ಟ ನಾತ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮಹದೇವಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಪ್ಪಾ ಈ ಕೆಲಸ ಮಾಡಿದ್ದು?"

"ನಾನೇ ರೀ."

"ಅರ್ಧಕ್ಕೆ ಯಾಕೆ ಬಿಟ್ಟೆ?"

ಧರ್ಮರಾಜ ಪೂಜೆಯ ವಿಷಯ ಹೇಳಲು ಬಾಯಿ ತೆರೆದ. ಈ ನಾತದ ನಡುವೆ ನಿಂತು ದೇವಿಯ ಹೆಸರು ಹೇಳುವುದು ಅವನಿಗೇ ಅಸಹ್ಯವೆನಿಸಿತು. "ಬಿಡಬಾರದಿತ್ರಿ," ಎಂದಷ್ಟೇ ಹೇಳಿ ಕೂತ.

ಕಾರು ಎಷ್ಟು ಕೆಳಗಿತ್ತೆಂದರೆ ಅದರದೇ ಜಾಕು ಅದರ ಹೊಟ್ಟೆಯ ಕೆಳಗೆ ಹೋಗಲಿಲ್ಲ. ಚಹಾದವನ ಬಳಿ ಹಲಗೆ ಕೇಳಿ ತಂದು, ಅದರ ಮೇಲೆ ಕಾರು ಹತ್ತಿಸಿ, ಒಂದೊಂದೇ ಗಾಲಿ ಬಿಚ್ಚಿದ. ಜಾರಿದ ರಿಂಗುಗಳನ್ನು ತನಗೆ ಬೇಕಾದಷ್ಟು ಮೇಲೆ ತಂದು, ಕೆಳಗಿನವನ್ನು ಒತ್ತಿ, ಪಾನಾ ಹಾಕಿ, ಇಡೀ ಮೈಯ ಭಾರ ಬಿಟ್ಟು ಬಿಗಿದ. ಕುಂಕುಮವೂ ಗ್ರೀಸೂ ಸೇರಿ ಅಂಗೈ ಹೆಪ್ಪುಗಟ್ಟಿದ ರಕ್ತದ ಬಣ್ಣಕ್ಕೆ ತಿರುಗಿತು. ಟೈರನ್ನು ಸುತ್ತಲೂ ತಡವಿ ನೋಡಿದ; ಮೇಲ್ಪದರ ಮಾತ್ರ ಹೋಗಿತ್ತು, ಒಳಗಿನ ದಾರ ಕಂಡಿರಲಿಲ್ಲ. ಆದರೂ ಅದನ್ನು ತೆಗೆದು ಸ್ಪೇರ್ ಹಾಕಿದ.

ಕಾರ್ತಿಕ ದೂರ ನಿಂತು ಫೋನ್ ನೋಡುತ್ತಿದ್ದವನು ಬಂದು ಬಗ್ಗಿ ಸಂದಿಯೊಳಗೆ ಕೈ ಇಟ್ಟ.

"ಅಣ್ಣಾ, ಫ್ರಂಟ್ ಜಾಸ್ತಿ ಎತ್ತರ ಆಯ್ತಲ್ಲ. ಹೇಗೂ ಇಷ್ಟು ದೂರ ಬಂದಿದೀರಾ, ಇನ್ನೊಂಚೂರು ಇಳಿಸಿಬಿಡಿ. ಘಾಟಲ್ಲಿ ಒಂದು ವಿಡಿಯೋ ಪ್ಲಾನ್ ಇದೆ."

ಧರ್ಮರಾಜ ಅವನ ಮುಖ ನೋಡಿದ. ಅಲ್ಲಿ ಅಂಜಿಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಇಳಿಸೂದಿಲ್ರಿ."

"ಅಲ್ಲ ಅಣ್ಣಾ, ಎರಡು ಬೆರಳು ಅಂತ ಮಾತಾಗಿತ್ತಲ್ಲ."

ಕುರ್ಚಿಯಿಂದ ಮಹದೇವಪ್ಪ ಎದ್ದರು. "ಅಳಿಯಂದ್ರೇ, ನೀವು ವಿಡಿಯೋ ತೆಕ್ಕೊಂಡು ಬನ್ನಿ. ನಾನು ಸಿಂಧೂರಾನ ಕರ್ಕೊಂಡು ಬಸ್ಸಲ್ಲಿ ಬರ್ತೀನಿ."

ಸಿಂಧೂರ ಆಗಲೇ ಡಿಕ್ಕಿಯಿಂದ ತನ್ನ ಬ್ಯಾಗ್ ಎಳೆಯುತ್ತಿದ್ದಳು. ಕಾರ್ತಿಕ ಮಾತು ಬದಲಿಸಿ, ಬೇಡ ಮಾವ, ಹೀಗೇ ಹೋಗೋಣ, ನಿಧಾನಕ್ಕೆ ಓಡಿಸ್ತೀನಿ ಎಂದು ರಮಿಸತೊಡಗಿದ. ಮನೆಗೆ ತಿರುಗಿಸುವುದಾದರೆ ಹತ್ತುತ್ತೇನೆ ಎಂದರು ಮಹದೇವಪ್ಪ; ಕೊನೆಗೆ ಮೂವರೂ ಹತ್ತಿದರು. ಕಾರು ಹೆದ್ದಾರಿ ಸೇರಿ ಮಹಾಬಳೇಶ್ವರದ ಕಡೆಗಲ್ಲ, ಪುಣೆಯ ಕಡೆಗೇ ತಿರುಗಿತು. ಸಪ್ಪಳ ಇರಲಿಲ್ಲ.

ಧರ್ಮರಾಜ ಚಹಾದವನ ಸೋಪಿನ ಚೂರಿನಿಂದ ಕೈ ತೊಳೆಯುತ್ತಿದ್ದಾಗ ಋಷಿಕೇಶನ ಫೋನ್ ಬಂತು. ಕಾರ್ತಿಕ ಅವನಿಗೆ ಆಗಲೇ ಮೆಸೇಜ್ ಹಾಕಿದ್ದ: ನಿಮ್ಮ ಮನುಷ್ಯ ಬಂದು ರಿಂಗ್ ಸಡಿಲ ಇತ್ತು ಅಂತಾನೆ, ನಿಜವಾ ಎಂದು.

"ಬೇಡ ಅಂದರೂ ಫೋನ್ ಮಾಡಿದೆ. ಅಮ್ಮನ ಮಣೆಯಿಂದ ಪಾನಾ ಎತ್ತಿಕೊಂಡು ಹೋದೆ. ಗಿರಾಕಿ ಮುಂದೆ ನನ್ನ ಮರ್ಯಾದೆ ತೆಗೆದೆ."

"ಇನ್ನೇನಾದರೂ ಇದೆಯಾ ಶೇಠ?"

"ಇನ್ನು ಬರಬೇಡ."

"ಹೂಂ," ಎಂದ ಧರ್ಮರಾಜ. ಋಷಿಕೇಶನ ಮೇಲೆ ಹೇಸಿಗೆ ಇತ್ತು, ಕಾರ್ತಿಕನ ಮೇಲೂ ಇತ್ತು. ಒಂದು ಮಾತು ಗಟ್ಟಿಯಾಗಿ ಆಡಲಾರದೆ, ಮಂಜರಿಯವರ ತಟ್ಟೆಗೆ ಪಾನಾ ಹೋಗಗೊಟ್ಟು ಮನೆಗೆ ಹೋದ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚಿತ್ತು. ಕೈ ಮೂಸಿ ನೋಡಿದ. ಇನ್ನೊಮ್ಮೆ ತೊಳೆದ.

ಪಾನಾವನ್ನು ಅವನು ಆ ಸಂಜೆಯೇ ಮಂಜರಿಯವರ ಕೈಗೆ ಕೊಟ್ಟು ಬಂದ. ದೀಪಾವಳಿಯ ಹೊತ್ತಿಗೆ ಮಾರ್ಕೆಟ್ ಯಾರ್ಡ್ ಬಳಿಯ ಒಂದು ಗ್ಯಾರೇಜಿನಲ್ಲಿ ಈರುಳ್ಳಿ ಲಾರಿಗಳ ಮುರಿದ ಪಟ್ಟಿ ಸ್ಪ್ರಿಂಗ್ ಬದಲಿಸುವ ಕೆಲಸ ಸಿಕ್ಕಿತು. ಈಗ ಪೆಟ್ರೋಲ್ ಉಳಿಸಲು ದಿನವೂ ಎರಡು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾನೆ.