ಎಡ, ಬಲ, ಈಗ ಎರಡೂ ಸೇರಿ

ಬೆಳಗ್ಗೆ ಐದೂಮುಕ್ಕಾಲು. ಬೀದಿಯಲ್ಲಿ ಹಾಲಿನ ವ್ಯಾನ್ ಬಿಟ್ಟರೆ ಇನ್ನೇನೂ ಓಡಾಡುತ್ತಿಲ್ಲ. ಐವತ್ತೆಂಟರ ಒಬ್ಬರು ಅಂಗಡಿಯ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಬರುತ್ತಾರೆ. ಚಪ್ಪಲಿ ಬಿಟ್ಟು, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಕಪ್ಪು ಪರದೆಯ ಹಿಂದೆ ಹೋಗುತ್ತಾರೆ. ಅಲ್ಲಿ ಅವರ ಎದೆಯೆತ್ತರದ ಲೌಡ್‌ಸ್ಪೀಕರುಗಳು ಸಾಲಾಗಿ ನಿಂತಿವೆ. ದೊಡ್ಡದೊಂದು ಅರವತ್ತೆರಡು ಕಿಲೊ. ಅದನ್ನು ಎರಡು ಕೈಯಲ್ಲೂ ತಬ್ಬಿ, ಎದೆಗೆ ಒರಗಿಸಿಕೊಂಡು, ಇಳಿಜಾರು ಹಲಗೆಯ ಮೇಲೆ ಇಂಚಿಂಚಾಗಿ ಏರಿಸುತ್ತಾರೆ. ಅದರ ಮೂಲೆ ಬಿಳಿ ಗುರುತಿಗೆ ತಾಗಿದ ಮೇಲೆ ಅದರ ಬೆನ್ನು ತಟ್ಟುತ್ತಾರೆ.

“ಇದನ್ನ ಅಪ್ಕೊಂಡಷ್ಟು ಮನೇಲಿ ಯಾರನ್ನೂ ಅಪ್ಕೊಂಡಿಲ್ಲ ಸಾರ್ ನಾನು” ಎಂದು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ನಾಲ್ಕೂ ಪೆಟ್ಟಿಗೆ ಏರಿದ ಮೇಲೆ ತಂತಿ ಸಿಕ್ಕಿಸಿ ಒಂದು ಗುಂಡಿ ಒತ್ತುತ್ತಾರೆ. ಖಾಲಿ ಕೋಣೆಯಲ್ಲಿ ಒಬ್ಬ ಹೆಂಗಸಿನ ದನಿ ಕೇಳುತ್ತದೆ. “ಎಡ.” ಎಡಗಡೆಯ ಸ್ಪೀಕರಿನಿಂದ. “ಬಲ.” ಬಲಗಡೆಯಿಂದ. “ಈಗ ಎರಡೂ ಸೇರಿ.” ನಡುವಿನ ಗಾಳಿಯಲ್ಲಿ, ಯಾರೋ ನಿಂತು ಹೇಳಿದಷ್ಟು ಸ್ಪಷ್ಟವಾಗಿ. ಹನ್ನೊಂದು ವರ್ಷಗಳಿಂದ ಈ ಅಂಗಡಿಯ ಪ್ರತಿ ದಿನವೂ ಈ ಐದು ಪದಗಳಿಂದಲೇ ಶುರುವಾಗುತ್ತದೆ. ದನಿ ಅವರ ಹೆಂಡತಿಯದು. ಆಕೆ ತೀರಿಕೊಂಡು ನಾಲ್ಕು ವರ್ಷವಾಯಿತು.

ಅಂಗಡಿಯವರಿಗೆ ಇವರು ಪರದೆಯಣ್ಣ. ಗಿರಾಕಿಗಳಿಗೆ ಇವರು ಯಾರೂ ಅಲ್ಲ, ಏಕೆಂದರೆ ಅವರಿಗೆ ಇವರು ಕಾಣುವುದೇ ಇಲ್ಲ.

ನನಗೂ ಕಂಡಿರಲಿಲ್ಲ. ನಾನು ಇಲ್ಲಿಗೆ ಮೊದಲು ಬಂದದ್ದು ಬರೆಯಲಿಕ್ಕಲ್ಲ, ಕೊಳ್ಳಲಿಕ್ಕೆ. ನನ್ನ ಮನೆಯಲ್ಲಿರುವ ಸ್ಪೀಕರ್ ಜೋಡಿಗೆ ಯಾವ ರೋಗವೂ ಇರಲಿಲ್ಲ. ರೋಗ ಇದ್ದದ್ದು ನನಗೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಕಣ್ಣಿಗೆ ಮಾತ್ರವಲ್ಲ, ಕಿವಿಗೂ ಸಲ್ಲುವ ಮಾತು. ಹಳೆಯದನ್ನು ಕೊಟ್ಟು ಇನ್ನೂ ಮೇಲಿನದನ್ನು ತರಬೇಕೇ ಬೇಡವೇ ಎಂದು ಮೂರು ತಿಂಗಳು ಮನೆಯವರ ತಲೆ ತಿಂದು, ಕೊನೆಗೆ “ಹೋಗಿ ಕೇಳ್ಕೊಂಡಾದ್ರೂ ಬನ್ನಿ, ನಮಗೆ ಸ್ವಲ್ಪ ನೆಮ್ಮದಿ ಸಿಗಲಿ” ಎನ್ನಿಸಿಕೊಂಡು ಬಂದವನು ನಾನು.

ಈ ಅಂಗಡಿಗೊಂದು ನೇಮವಿದೆ. ಸ್ಪೀಕರನ್ನು ಕಣ್ಣಿಂದ ಆರಿಸುವಂತಿಲ್ಲ. ಗಿರಾಕಿ ಪರದೆಯ ಮುಂದಿನ ಒಂದೇ ಕುರ್ಚಿಯಲ್ಲಿ ಕೂರಬೇಕು. ಪರದೆಯ ಹಿಂದೆ ಚಕ್ರವಿರುವ ಎರಡು ಹಲಗೆಗಳು, ಎಡಕ್ಕೊಂದು, ಬಲಕ್ಕೊಂದು. ಒಂದೊಂದರ ಮೇಲೂ ಹಳೆಯದೊಂದು, ಹೊಸದೊಂದು ಸ್ಪೀಕರು. ಹಗ್ಗ ಎಳೆದರೆ ಒಂದು ಸರಿದು, ಅದು ನಿಂತಿದ್ದ ಜಾಗಕ್ಕೇ ಇನ್ನೊಂದು ಬರುತ್ತದೆ. ಗೇಣು ಆಚೀಚೆಯಾದರೂ ದನಿ ಬದಲಾಗುತ್ತದಂತೆ. ಇಷ್ಟೆಲ್ಲ ಇಪ್ಪತ್ತು ಸೆಕೆಂಡಿನೊಳಗೆ ಮುಗಿಯಬೇಕು.

“ಕಿವಿಗೆ ನೆನಪು ಕಮ್ಮಿ ಸಾರ್. ನಿಮಿಷ ಬಿಟ್ರೆ ಮೊದಲು ಕೇಳಿದ್ದು ಹೇಗಿತ್ತು ಅಂತ ಮರ್ತೇಹೋಗತ್ತೆ. ಇನ್ನೊಂದು, ಎರಡರ ಸದ್ದೂ ಒಂದೇ ಅಳತೆಗೆ ಇರ್ಬೇಕು. ಒಂದು ಕೂದಲೆಳೆ ಜಾಸ್ತಿ ಆದ್ರೂ ಜನ ಅದನ್ನೇ ಚೆನ್ನಾಗಿದೆ ಅಂತಾರೆ. ಜೋರಾಗಿ ಮಾತಾಡೋನೇ ಸರಿ ಅನ್ಸಲ್ವಾ ಜಗಳದಲ್ಲಿ? ಹಾಗೆ.”

ದಿನಕ್ಕೆ ನಾಲ್ಕು ಗಿರಾಕಿಗಳು. ಒಬ್ಬೊಬ್ಬರಿಗೂ ನಾಲ್ಕು ಪೆಟ್ಟಿಗೆ ಏರಿಸಬೇಕು, ಇಳಿಸಬೇಕು, ಆರೇಳು ಸಲ ಹಗ್ಗ ಎಳೆಯಬೇಕು. ಇಪ್ಪತ್ತಾರು ವರ್ಷ ಇದೇ ಕೆಲಸ. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಿದೆ. ಕೂತು ಏಳುವಾಗ ಮೊದಲು ಗೋಡೆ ಹಿಡಿಯುತ್ತಾರೆ, ಆಮೇಲೆ ಏಳುತ್ತಾರೆ. ಇನ್ನು ಭಾರ ಮುಟ್ಟಕೂಡದೆಂದು ಡಾಕ್ಟರು ಹೇಳಿದ್ದಾರೆ. ಈ ತಿಂಗಳ ಕೊನೆಗೆ ಪರದೆಯಣ್ಣ ಪರದೆ ಬಿಟ್ಟು ಹೊರಬರಲಿದ್ದಾರೆ.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ. ಸ್ಪೀಕರಿನ ಮುಖದಲ್ಲಿ ಕಾಗದದ ಬಟ್ಟಲಿರುತ್ತದೆ, ಅದರ ಸುತ್ತ ಮೆತ್ತನೆಯ ಅಂಚು. ವರ್ಷಗಳಾದಂತೆ ಆ ಅಂಚು ಪುಡಿಯಾಗುತ್ತದೆ. ಹಳೆಯದನ್ನು ಕೆರೆದು, ಹೊಸದನ್ನು ಅಂಟಿಸಿ, ಒಣಗುವವರೆಗೂ ಬೆರಳಿನಿಂದ ಸುತ್ತಲೂ ಒತ್ತಿಹಿಡಿಯಬೇಕು. ಆಕೆಯ ಕೈಗುಣ ಎಂಥದ್ದೆಂದರೆ, ಬೇರೆ ಅಂಗಡಿಗಳವರೂ ಕೆಟ್ಟ ಸ್ಪೀಕರುಗಳನ್ನು ಆಕೆಗೇ ಕಳಿಸುತ್ತಿದ್ದರು. ಪರದೆಯಣ್ಣನ ಮನೆಯಲ್ಲಿರುವ ಜೋಡಿಯೂ ಆಕೆಯದೇ ಕೆಲಸ. ಯಾರೋ ಬೇಡವೆಂದು ಬಿಸಾಡಿದ್ದನ್ನು ತಂದು ಎರಡು ತಿಂಗಳು ಕೂತು ಬದುಕಿಸಿದ್ದರು.

“ನಾನು ಹೊರೋನು, ಅವಳು ಅಂಟಿಸೋಳು. ಸಂಸಾರದಲ್ಲೂ ಅಷ್ಟೆ” ಎನ್ನುತ್ತಾರೆ.

ಆ ಹಿಂದಿನ ಕೋಣೆಯನ್ನು ನೋಡಿದೆ. ಹತ್ತಡಿ ಉದ್ದ, ಏಳಡಿ ಅಗಲ. ಒಂದು ಬೆಂಚು, ಒಂದು ದೀಪ, ಅಂಟಿನ ಡಬ್ಬಿಗಳು. ಒಳಗೆ ಹೋದ ಕೂಡಲೇ ಮೂಗಿಗೆ ಘಾಟು ಹತ್ತಿ ಕಣ್ಣಲ್ಲಿ ನೀರು ಬಂತು. ಗೋಡೆಯ ನಡುವೆ ಕಿಟಕಿಯಷ್ಟೇ ಅಗಲದ ಒಂದು ಚೌಕ ಬೇರೆ ಬಣ್ಣಕ್ಕಿದೆ. ಅಲ್ಲಿ ಕಿಟಕಿಯೇ ಇತ್ತು. ಆಚೆ ಬಸ್ಸು ಓಡಾಡುವ ರಸ್ತೆ. ಬಸ್ಸಿನ ಸದ್ದು ಕುರ್ಚಿಯವರೆಗೂ ಬಂದು ಗಿರಾಕಿಗಳಿಗೆ ತೊಂದರೆಯಾಗುತ್ತದೆಂದು ಇಪ್ಪತ್ತು ವರ್ಷದ ಹಿಂದೆ ಅದಕ್ಕೆ ಇಟ್ಟಿಗೆ ಕಟ್ಟಿದರು.

“ಕಟ್ಟಿಸಿದ್ದು ನಾನೇ” ಎಂದರು ಪರದೆಯಣ್ಣ, ನಾನು ಕೇಳುವ ಮೊದಲೇ. “ಯಜಮಾನ್ರು ಹೇಳಿರ್ಲಿಲ್ಲ. ನಂಗೇ ತಲೆ ಓಡ್ತು. ಹಿಂದಿನ ಕಿಟಕಿ ಮುಚ್ಚಿದ್ರೆ ಮುಂದೆ ಸೂಜಿ ಬಿದ್ರೂ ಕೇಳ್ಸತ್ತೆ ಅಂತ. ಎಲ್ರೂ ಶಹಭಾಸ್ ಅಂದ್ರು. ಅವಳೂ ಅಂದ್ಲು.”

ಆಕೆಗೆ ಶ್ವಾಸಕೋಶದ ಕಾಯಿಲೆ ಇರುವುದು ಗೊತ್ತಾದದ್ದು ಆರು ವರ್ಷದ ಹಿಂದೆ, ಮೆಟ್ಟಿಲ ಮೇಲೆ ಕುಸಿದು ಕುಳಿತ ದಿನ. ಅಷ್ಟರಲ್ಲಿ ಬಹಳ ತಡವಾಗಿತ್ತು. ಅಂಟಿನಿಂದಲೇ ಬಂತೆಂದು ಡಾಕ್ಟರು ಹೇಳಲಿಲ್ಲ. ಅಲ್ಲವೆಂದೂ ಹೇಳಲಿಲ್ಲ. ಕೇಳಿದ್ದಕ್ಕೆ, “ಎಷ್ಟು ವರ್ಷದಿಂದ ಉಸಿರಾಟ ಹೀಗಿದೆ?” ಎಂದು ತಿರುಗಿ ಕೇಳಿದರಂತೆ. ಇವರಿಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಕಳೆದ ತಿಂಗಳು. ಅದಕ್ಕೇ ಈ ಬರಹ.

ಅಂಗಡಿಯ ಈಗಿನ ಯಜಮಾನಿ ಹಳೆಯ ಯಜಮಾನರ ಮಗಳು. ಚಿಕ್ಕಂದಿನಿಂದ ಇವರನ್ನು ‘ಅಣ್ಣಾ’ ಎಂದೇ ಕರೆದವರು. ಇವರು ಕೆಲಸ ಬಿಡುವ ಹೊತ್ತಿಗೆ ಏನಾದರೂ ಕೊಡಬೇಕೆಂದು, ಅಂಗಡಿಯಲ್ಲಿ ಅತಿ ಹೆಚ್ಚು ಸಲ ಗೆದ್ದ ಜೋಡಿಯನ್ನೇ ತೆಗೆದಿಟ್ಟರು. ಇವರು ಒಪ್ಪಲಿಲ್ಲ. ಮನೆ ಎರಡೇ ಕೋಣೆ. ಹೊಸದು ಬಂದರೆ ಹೆಂಡತಿ ಬದುಕಿಸಿದ ಹಳೆಯದು ಹೊರಗೆ ಹೋಗಬೇಕು. “ಹಾಗಾದ್ರೆ ಎಲ್ಲರ ಹಾಗೆ ನೀವೂ ಕೇಳಿ ನೋಡಿ ಅಣ್ಣಾ. ಇವತ್ತು ಹಗ್ಗ ನಾನು ಎಳೀತೀನಿ” ಎಂದರು ಯಜಮಾನಿ. ಮನೆಯ ಜೋಡಿಯನ್ನು ತರಿಸಿ ಹಲಗೆಗೇರಿಸಿದರು.

ಇಪ್ಪತ್ತಾರು ವರ್ಷದಲ್ಲಿ ಪರದೆಯಣ್ಣ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಸಾವಿರಾರು ಜನರಿಗೆ ಕೇಳಿಸಿದವರು ಒಮ್ಮೆಯೂ ಮುಂದೆ ಕೂತು ಕೇಳಿರಲಿಲ್ಲ. ಸ್ಪೀಕರಿನ ಬೆನ್ನಿಗೆ ನಿಂತವರಿಗೆ ಮಾತು ಕೇಳುತ್ತದೆ, ಮಾತಿನ ಸಣ್ಣಪುಟ್ಟ ನವಿರು ಕೇಳುವುದಿಲ್ಲ. ಅದೆಲ್ಲ ಮುಂದಕ್ಕೇ ಹೋಗುತ್ತದೆ.

ಮೊದಲು ಮನೆಯ ಹಳೆಯ ಜೋಡಿ. “ಎಡ. ಬಲ. ಈಗ ಎರಡೂ ಸೇರಿ.” ಯಾವತ್ತಿನ ಹಾಗೇ.

ಆಮೇಲೆ ಹೊಸದು. “ಎಡ. ಬಲ.” ಅಲ್ಲಿ ಒಂದು ಉಸಿರು. ಉದ್ದನೆಯದು, ಕೊನೆಯಲ್ಲಿ ಸಣ್ಣಗೆ ಸಿಳ್ಳೆಯಾಗುವಂಥದ್ದು. ಆಮೇಲೆ, “ಈಗ ಎರಡೂ ಸೇರಿ.”

“ಯಾರಾದ್ರೂ ಬಾಗಿಲು ತೆಗೆದ್ರಾ ಅಂತ ಕೇಳಿದೆ ಸಾರ್” ಎನ್ನುತ್ತಾರೆ. “ಕೀಲು ಕಿರುಗುಟ್ಟಿತೇನೋ ಅಂದ್ಕೊಂಡೆ. ಇಲ್ಲಣ್ಣ ಅಂದ್ರು. ಇನ್ನೊಂದ್ಸಲ ಹಾಕಿಸ್ದೆ. ಅಲ್ಲೇ ಬಂತು, ಅದೇ ಜಾಗದಲ್ಲಿ. ಡಾಕ್ಟರಿಗೆ ಗೊತ್ತಾಗೋಕೆ ಐದು ವರ್ಷ ಮುಂಚೆ ಸಾರ್ ಅದು ರೆಕಾರ್ಡ್ ಆಗಿದ್ದು. ಐದು ವರ್ಷ! ದಿನಾ ನಾಲ್ಕು ಸಲ ನಾನೇ ಹಾಕ್ತಿದ್ದೆ.”

ಇನ್ನೊಂದು ನೆನಪು ಆಗ ಎದ್ದು ಬಂತಂತೆ. ಆ ದನಿ ಹಾಕಲು ಶುರುಮಾಡಿದ ಹೊಸತರಲ್ಲಿ ಕುರ್ಚಿಯಲ್ಲಿದ್ದ ಗಿರಾಕಿಯೊಬ್ಬರು, “ಯಾರ್ರೀ ಇದು, ನೆಗಡೀನಾ ಆಯಮ್ಮಂಗೆ?” ಎಂದು ನಕ್ಕಿದ್ದರು. ಹಿಂದಿನ ಕೋಣೆಯಿಂದ ಆಕೆ, “ನೆಗಡಿ ಅಲ್ಲ ಸಾರ್, ಧೂಳು!” ಎಂದು ಕೂಗಿದ್ದರು. ಎಲ್ಲರೂ ನಕ್ಕರು. ಪರದೆಯ ಹಿಂದೆ ಹಗ್ಗ ಹಿಡಿದು ಇವರೂ ನಕ್ಕರು.

ನನಗೂ ಆ ಉಸಿರು ಕೇಳಿಸಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಕೂತ ದಿನ, ಎರಡನೆಯ ಜೋಡಿಯಲ್ಲಿ ಅದನ್ನು ಕೇಳಿ, ‘ಆಹಾ, ಎಷ್ಟು ಸೂಕ್ಷ್ಮ’ ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆ. ಆ ಪುಟವನ್ನು ಈಗ ನೋಡಲು ನಾಚಿಕೆಯಾಗುತ್ತದೆ.

ಭಾನುವಾರ. ಯಾವ ಜೋಡಿ ಬೇಕೆಂದು ಪರದೆಯಣ್ಣ ಇವತ್ತು ಹೇಳಬೇಕು. ಇನ್ನೊಂದೇ ಸಲ ಕೇಳಿ ಹೇಳುತ್ತೇನೆಂದು ಕುರ್ಚಿಗೆ ಬಂದಿದ್ದಾರೆ. ಇವತ್ತು ಅವರ ಮಗಳು ಹಗ್ಗ ಹಿಡಿದಿದ್ದಾಳೆ. ಬಸ್ ಕಂಡಕ್ಟರ್ ಆಗಿರುವ ಆಕೆಗೆ ಅಪ್ಪನಿಗಿಂತ ದೊಡ್ಡ ಗಂಟಲು. ಇವತ್ತು ಮಾತ್ರ ಮೆಲ್ಲಗೆ ಮಾತಾಡುತ್ತಿದ್ದಾಳೆ.

“ಅಪ್ಪಾ, ಹಳೇದೇ ಇರ್ಲಿ ಬಿಡು” ಎನ್ನುತ್ತಾಳೆ ಪರದೆಯ ಹಿಂದಿನಿಂದ. “ಅದ್ರಲ್ಲಿ ಅಮ್ಮ ಆರೋಗ್ಯವಾಗಿದಾಳೆ.”

ಯಜಮಾನಿ ಮುಖ ತಿರುಗಿಸುತ್ತಾರೆ. ಪರದೆಯಣ್ಣ ಕೈ ಎತ್ತುತ್ತಾರೆ, ಶುರುಮಾಡು ಎಂಬಂತೆ.

ಮೊದಲ ಜೋಡಿ. “ಬಲ” ಎಂದ ಮೇಲೆ ನಾನೂ ಉಸಿರು ಬಿಗಿಹಿಡಿದು ಕೇಳುತ್ತೇನೆ. ಏನೂ ಇಲ್ಲ. ಇದು ಹಳೆಯದೇ ಇರಬೇಕು. ಹಲಗೆ ಸರಿಯುತ್ತದೆ. ಎರಡನೆಯದರಲ್ಲಿ ಆ ಉಸಿರು ಬರುತ್ತದೆ, ಸಿಳ್ಳೆ ಸಮೇತ. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಕಣ್ಣು ಮುಚ್ಚಿ ಕೂತಿರುವ ಅವರ ಬೆರಳುಗಳು ತೊಡೆಯ ಮೇಲೆ ಸುಮ್ಮನಿವೆ. ಆರನೆಯ ಸಲಕ್ಕೆ, ಸಾಕು ಎನ್ನುತ್ತಾರೆ.

“ಯಾವ್ದು ಅಪ್ಪಾ?”

“ಎರಡೂ ಒಂದೇ.”

ಮಗಳು ಪರದೆ ಸರಿಸಿ ಹೊರಗೆ ಬರುತ್ತಾಳೆ.

“ಒಂದ್ಸಲ ಕೇಳಿದ್ಮೇಲೆ ಮುಗೀತು ಮಗಳೇ. ಈಗ ಹಳೇದ್ರಲ್ಲೂ ಕೇಳ್ಸತ್ತೆ ನಂಗೆ. ಅದ್ರಲ್ಲೂ ಅವಳು ಆರೋಗ್ಯವಾಗಿಲ್ಲ.”

ಮಗಳು ಅಪ್ಪನ ಪಕ್ಕ ನೆಲದ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅಳುತ್ತಾಳೆ. ಅಪ್ಪ ಅವಳ ಬೆನ್ನು ತಟ್ಟುತ್ತಾರೆ, ಬೆಳಗ್ಗೆ ಸ್ಪೀಕರಿನ ಬೆನ್ನು ತಟ್ಟಿದ ಹಾಗೆಯೇ. ಬಹಳ ಹೊತ್ತಿನ ಮೇಲೆ ಯಜಮಾನಿಯತ್ತ ತಿರುಗುತ್ತಾರೆ.

“ನಂಗೆ ಹಳೇದೇ ಸಾಕಮ್ಮ. ಹೊಸದನ್ನ ಮಾರ್ಬಿಡಿ. ಅದರ ಬದ್ಲು ಒಂದು ಕೇಳ್ತೀನಿ, ಇಲ್ಲ ಅನ್ಬಾರದು.”

“ಹೇಳಿ ಅಣ್ಣಾ.”

“ಹಿಂದಿನ ಕಿಟಕಿ ತೆಗೆಸಿಬಿಡಿ.”

ಯಜಮಾನಿ ತಕ್ಷಣ ಹೂಂ ಎನ್ನಲಿಲ್ಲ, ಅದನ್ನೂ ಬರೆಯಬೇಕು. ಈ ಅಂಗಡಿಯ ಹೆಸರು ನಿಂತಿರುವುದೇ ಈ ನಿಶ್ಶಬ್ದದ ಮೇಲೆ. ಅವರು ಹಿಂದಿನ ಕೋಣೆಯ ಕಡೆ ನೋಡಿದರು. ಈಗ ಆ ಬೆಂಚಿನಲ್ಲಿ ಕೂರುವುದು ನಲವತ್ತರ ಹೆಂಗಸೊಬ್ಬರು, ಎರಡು ಮಕ್ಕಳ ತಾಯಿ. ಭಾನುವಾರವಾದ್ದರಿಂದ ಅವರು ಬಂದಿರಲಿಲ್ಲ. ಅವರು ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆ ಮೊಳೆಗೆ ನೇತಾಡುತ್ತಿತ್ತು. ಯಜಮಾನಿ ಅದನ್ನೇ ನೋಡುತ್ತಾ, “ಆಯ್ತಣ್ಣ” ಎಂದರು.

ಹತ್ತು ದಿನ ಬಿಟ್ಟು ಮತ್ತೆ ಹೋದೆ. ನಾನು ಏನೂ ಕೊಳ್ಳಲಿಲ್ಲ. ಮನೆಯವರಿಗೆ ನೆಮ್ಮದಿ ಸಿಕ್ಕಿದೆ. ಇಟ್ಟಿಗೆ ಒಡೆದ ಜಾಗದಲ್ಲಿ ಹೊಸ ಮರದ ಚೌಕಟ್ಟು ಕೂತಿದೆ, ಇನ್ನೂ ಬಣ್ಣ ಬಿದ್ದಿಲ್ಲ. ಬೆಂಚಿನ ಹೆಂಗಸು ಕಿಟಕಿಗೆ ಮುಖ ಮಾಡಿ ಕೂತು ಅಂಚು ಅಂಟಿಸುತ್ತಿದ್ದಾರೆ. ಬಸ್ಸುಗಳು ಧಾರಾಳವಾಗಿ ಒಳಗೆ ಕೇಳಿಸುತ್ತವೆ.

ಪರದೆಯಣ್ಣನಿಗೆ ಇನ್ನು ನಾಲ್ಕು ದಿನದ ಕೆಲಸ ಬಾಕಿ. ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಗಿರಾಕಿಯೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. “ಎಡ. ಬಲ.” ಉಸಿರು. ಅಷ್ಟರಲ್ಲಿ ಹೊರಗೊಂದು ಬಸ್ಸು ಹಾರ್ನ್ ಹೊಡೆಯುತ್ತದೆ. ಗಿರಾಕಿ ಮುಖ ಕಿವುಚಿ, “ಏನ್ರೀ ಇದು, ಇಷ್ಟು ಸದ್ದಲ್ಲಿ ಏನ್ ಕೇಳೋದು? ಆ ಕಿಟಕಿ ಮುಚ್ಚೋಕಾಗಲ್ವಾ?” ಎಂದು ಸಿಡುಕುತ್ತಾರೆ.

ಪರದೆ ಸರಿಯುತ್ತದೆ. ಇಪ್ಪತ್ತಾರು ವರ್ಷದಲ್ಲಿ ಯಾವ ಗಿರಾಕಿಗೂ ಮುಖ ತೋರಿಸದವರು ಹಗ್ಗ ಹಿಡಿದೇ ಮುಂದೆ ಬಂದು ನಿಲ್ಲುತ್ತಾರೆ.

“ಆಗಲ್ಲ ಸಾರ್” ಎನ್ನುತ್ತಾರೆ. “ಹಿಂದೆ ಒಬ್ರು ಕೆಲಸ ಮಾಡ್ತಿದಾರೆ.”