ಒಲೆಗೆ ಬೇಡವೆಂದ ಬಳೆಯ ಚೂರು

ಇಂಥ ಕಥೆ ಹೇಳುವವರನ್ನು ಕಂಡರೆ ನಾನು ಮೊದಲಿನಿಂದಲೂ ನಗುತ್ತಿದ್ದವನು. ಮೈಸೂರಿನ ಪ್ರಯೋಗಶಾಲೆಯೊಂದರಲ್ಲಿ ತಕ್ಕಡಿಯ ಮುಂದೆ ಕೂತವನಿಗೆ ತೂಗಿದ್ದಷ್ಟೇ ನಿಜ. ಇದನ್ನು ಓದಿ ನೀವೂ ನಕ್ಕರೆ ನನಗೇನೂ ಬೇಸರವಿಲ್ಲ.

ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವಾಗಿತ್ತು. ಕುದುರೆ ದಳದ ಜೊತೆ ಇರಾಕಿನ ಬಸ್ರಾ ಕಡೆಗೆ ಹೋದ ನನ್ನ ಭಾವ ಸತ್ತರೆಂದು ಕಾಗದ ಬರಲಿಲ್ಲ, ಇದ್ದಾರೆಂದೂ ಬರಲಿಲ್ಲ. ಅಕ್ಕ ಪಿರಿಯಾಪಟ್ಟಣದ ನಮ್ಮ ಮನೆಯಲ್ಲಿ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಕಾಯುತ್ತಿದ್ದಳು. ಆಡಿಕೊಳ್ಳುವವರು ಆಡಿಕೊಳ್ಳುತ್ತಿದ್ದರು.

ಆಗ ನನಗೆ ಹಿಡಿದಿದ್ದದ್ದು ಹಳೆಯ ಗಾಜಿನ ಹುಚ್ಚು. ಹೆಗ್ಗಡದೇವನಕೋಟೆ ಕಡೆಯ ಹಾಳೂರಿನ ದಿಬ್ಬಗಳಲ್ಲಿ, ನೇಗಿಲಿಗೆ ಸಿಕ್ಕ ಬಳೆ ಚೂರುಗಳನ್ನು ತಂದು ಆಮ್ಲದಲ್ಲಿ ಕರಗಿಸಿ ನೋಡುತ್ತಿದ್ದೆ. ಅವುಗಳಲ್ಲಿದ್ದಷ್ಟೇ ಸೀಸ, ಅಷ್ಟೇ ಮ್ಯಾಂಗನೀಸು ಈಗಿನ ಬಳೆಯಲ್ಲೂ ಕಂಡಿತು. ಬಳೆಗಾರರು ಹಳೆಯ ಗಾಜನ್ನೇ ತಲೆತಲಾಂತರದಿಂದ ಕರಗಿಸಿ ಮತ್ತೆ ಬಳೆ ಮಾಡುತ್ತಿರಬೇಕು ಅನ್ನಿಸಿತು. ಅದನ್ನು ಖಚಿತ ಮಾಡಿಕೊಳ್ಳಲು ಭೇರ್ಯದ ಹತ್ತಿರ ಬಳೆ ಒಲೆ ಇಟ್ಟಿದ್ದ ಮುದುಕ ಸಿದ್ದಯ್ಯನಲ್ಲಿಗೆ ಹೊರಟೆ. ಹೋಲಿಸಿ ನೋಡಲು ಅಕ್ಕನ ಬಳೆಯ ಚೂರೊಂದನ್ನು ಕೇಳಿದೆ.

"ಮೊನ್ನೆ ಒಂದು ಹೆಚ್ಚಿತು ಕಣೋ" ಎಂದು ಸೆರಗಿನ ಗಂಟಿನಿಂದ ಬಿಚ್ಚಿಕೊಟ್ಟಳು. ಬಳೆ ಒಡೆಯಿತು ಎಂಬ ಮಾತನ್ನು ನಮ್ಮ ಹೆಂಗಸರು ಬಾಯಲ್ಲಿ ಆಡುವುದಿಲ್ಲವಲ್ಲ.

ನಾನು ತಲುಪಿದಾಗ ಮಟಮಟ ಮಧ್ಯಾಹ್ನ. ಸಿದ್ದಯ್ಯನ ಮುಂದೆ ಎರಡು ಪುಟ್ಟಿಗಳಿದ್ದವು. ಒಂದರ ತುಂಬ ಗಾಜಿನ ಚೂರು, ಇನ್ನೊಂದರಲ್ಲಿ ನಾಲ್ಕಾರು ಮಾತ್ರ. ಯಾಕೆ ಬೇರೆ ಬೇರೆ ಇಟ್ಟಿದ್ದೀಯೆಂದು ಕೇಳಿದೆ.

"ಇದು ಎಚ್ಚಿದ್ದು ಬುದ್ಧಿ, ಒಲೆಗೆ ಓಯ್ತದೆ. ಅದು ತಗ್ದದ್ದು. ಗಂಡ ಸತ್ತೋದ್ಮೇಲೆ ತಗ್ದ ಬಳೆ ಕರಗಿಸ್ಬಾರ್ದು ಕಣ್ರೀ, ಕೆರೆಗೆ ಬುಟ್ಬುಡ್ತೀವಿ."

"ಅದೆಲ್ಲ ಗಾಜಿಗೆ ಗೊತ್ತಾಗುತ್ತೇನಯ್ಯ?" ಎಂದು ತಮಾಷೆ ಮಾಡಿದೆ. ದಿಬ್ಬದ ಐದು ಚೂರು, ಅಕ್ಕನದೊಂದು, ಎಲ್ಲ ಹಸಿರೇ. ಮರಳಿನಲ್ಲಿ ಉಜ್ಜಿ ಹೊಸದು ಹಳೆಯದು ತಿಳಿಯದಂತೆ ಮಾಡಿದ್ದೆ. ಆರನ್ನೂ ಅವನ ಅಂಗೈಗೆ ಸುರಿದೆ. ಐದು ತುಂಬಿದ ಪುಟ್ಟಿಗೆ ಬಿದ್ದವು. ಒಂದನ್ನು ಸ್ವಲ್ಪ ಹೊತ್ತು ಹಿಡಿದಿದ್ದು ಆಚೆಯದಕ್ಕೆ ಹಾಕಿದ.

"ಇದು ಒಲೆಗೆ ಬ್ಯಾಡ ಬುದ್ಧಿ."

ಆಕಾರ ಗುರುತಿಟ್ಟುಕೊಂಡಿದ್ದ ನನಗೆ ಮಾತ್ರ ಗೊತ್ತಿತ್ತು, ಅದು ಅಕ್ಕನದು. ಕಣ್ಣು ಮುಚ್ಚಿಸಿ, ಕಲೆಸಿ ಮತ್ತೆ ಕೊಟ್ಟೆ. ಮೂರು ಸಲವೂ ಅದೇ ಚೂರು.

"ಅದು ಮುತ್ತೈದೆಯ ಬಳೆ ಕಣಯ್ಯ" ಎಂದೆ.

"ಇರ್ಬೋದು ಬುದ್ಧಿ. ನನ್ ಕೈಗೆ ಅಂಗನ್ನಿಸ್ತು. ಎಂಗೆ ಅಂತ ಮಾತ್ರ ಕೇಳ್ಬ್ಯಾಡಿ" ಎಂದು ಅವನು ಒಲೆಯ ಕಡೆ ತಿರುಗಿದ.

ಆ ಚೂರನ್ನು ಅವನಿಂದ ಮರಳಿ ಪಡೆದು, ಮೈಸೂರಿಗೆ ಬಂದು ಅದರ ಅರ್ಧವನ್ನು ಕರಗಿಸಿದೆ. ಅದೇ ಸೀಸ, ಅದೇ ಮ್ಯಾಂಗನೀಸು. ನನ್ನ ಊಹೆ ಸರಿಯಾಗಿತ್ತು, ಆದರೆ ಅದರಿಂದ ನನಗೆ ಎಳ್ಳಷ್ಟೂ ಸಂತೋಷವಾಗಲಿಲ್ಲ.

ಅಕ್ಕ ಒಂದೇ ಒಂದು ಸಲ ಕೇಳಿದಳು, "ಆ ಚೂರು ಏನಾಯ್ತೋ?"

"ಪರೀಕ್ಷೆಯಲ್ಲಿ ಕರಗಿಹೋಯಿತು" ಎಂದು ಸುಳ್ಳು ಹೇಳಿದೆ.

"ಒಳ್ಳೇದಾಯ್ತು ಬಿಡು" ಎಂದು ಒಳಗೆ ಹೋದಳು.

ಆ ಮಾತು ನನ್ನನ್ನು ಇಂದಿಗೂ ಕೊರೆಯುತ್ತದೆ. ಅದು ತಾನಾಗಿ ಹೆಚ್ಚಿತ್ತೇ, ಇಲ್ಲ ಆಸೆ ಬಿಟ್ಟ ಯಾವುದೋ ಗಳಿಗೆಯಲ್ಲಿ ಅವಳೇ ತೆಗೆದಿದ್ದಳೇ? ಹಾಗೇ ಇದ್ದರೂ ಸಿದ್ದಯ್ಯನ ಅಂಗೈಗೆ ಅದನ್ನು ಹೇಳಿದವರು ಯಾರು? ಅಕ್ಕನನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಭಾವನ ಸುದ್ದಿ ಕೊನೆಗೂ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅಕ್ಕ ತೀರಿಕೊಂಡಾಗ ಹೆಂಗಸರು ಹೊಸ ಹಸಿರು ಬಳೆ ತೊಡಿಸಿ, ಮುತ್ತೈದೆಯೆಂದೇ ಕಳಿಸಿಕೊಟ್ಟರು. ನಾನು ಪಕ್ಕದಲ್ಲಿ ನಿಂತಿದ್ದೆ. ಉಳಿದರ್ಧ ಚೂರು ನನ್ನ ಜೇಬಿನಲ್ಲಿತ್ತು. ಈಗಲೂ ನನ್ನ ಬಳಿಯೇ ಇದೆ. ಅದನ್ನು ಒಲೆಗೆ ಕೊಡಬೇಕೋ ಕೆರೆಗೆ ಬಿಡಬೇಕೋ ನನಗೆ ಗೊತ್ತಿಲ್ಲ.